ಚಳಿಗಾಲ ತಿಂದ ಡಾಂಬರು ಡ್ರೈವ್‌ವೇ: ಮಿಶಿಗನ್ ಮನೆಯವರಿಗೆ ದುರಸ್ತಿಯ ಸಮಗ್ರ ಮಾರ್ಗದರ್ಶಿ

ಯುಗಾದಿ ಹೊತ್ತಿಗೆ ಊರಿನಲ್ಲಿ ಮಾವಿನ ಚಿಗುರು, ಬೇವಿನ ಹೂವು. ಇಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಅದೇ ಹೊತ್ತಿಗೆ ರಸ್ತೆ ಬದಿಯ ಕೊನೆಯ ಹಿಮದ ಗುಡ್ಡೆ ಕರಗುತ್ತಿರುತ್ತದೆ. ಚಳಿಗಾಲವಿಡೀ ಹಿಮದಡಿ ಅಡಗಿದ್ದ ಡ್ರೈವ್‌ವೇ, ಅಂದರೆ ರಸ್ತೆಯಿಂದ ಗ್ಯಾರೇಜಿಗೆ ಕಾರು ಹೋಗುವ ದಾರಿ, ಹೊರಗೆ ಬರುತ್ತದೆ. ನವೆಂಬರಿನಲ್ಲಿ ಕೂದಲೆಳೆಯಷ್ಟಿದ್ದ ಬಿರುಕಿಗೆ ಈಗ ಕಿರುಬೆರಳು ತೂರುತ್ತದೆ. ಗ್ಯಾರೇಜ್ ಬಾಗಿಲ ಮುಂದೆ ಜಲ್ಲಿ ಕಿತ್ತು ಬಂದಿರುತ್ತದೆ. ಅಂಚಿನ ಒಂದು ಚೂರು ಮುರಿದು ಹುಲ್ಲಿನ ಮೇಲೆ ಬಿದ್ದಿರುತ್ತದೆ.

ನಾವು ಇಲ್ಲಿ ಮನೆ ಕೊಂಡ ಮೊದಲ ವರ್ಷ ನಾನು ಇದನ್ನೆಲ್ಲ ನೋಡಿ ಗಾಬರಿಯಾಗಿ ಅಂಗಡಿಗೆ ಓಡಿದೆ. ಡಾಂಬರಿನ ಮೇಲೆ ಬಳಿಯುವ ಕಪ್ಪು ಸೀಲರಿನ ಐದು ಬಕೆಟ್ ತಂದು ಒಂದೇ ಶನಿವಾರ ಇಡೀ ಡ್ರೈವ್‌ವೇಗೆ ಬಳಿದೆ. ನೋಡಿದವರೆಲ್ಲ ‘ಹೊಸದು ಹಾಕಿಸಿದ್ರಾ?’ ಅಂತ ಕೇಳಿದರು. ಮುಂದಿನ ಮಾರ್ಚಿನಲ್ಲಿ ಅದೇ ಬಿರುಕುಗಳು, ಅದೇ ಜಾಗದಲ್ಲಿ, ಮೊದಲಿಗಿಂತ ಅಗಲವಾಗಿ ಬಾಯಿ ಬಿಟ್ಟಿದ್ದವು. ಸೋರುವ ಮಾಳಿಗೆಗೆ ಒಳಗಿನಿಂದ ಸುಣ್ಣ ಬಳಿದ ಹಾಗಾಗಿತ್ತು ನನ್ನ ಕೆಲಸ.

ಆಮೇಲೆ ಕಲಿತ ಕ್ರಮ ಇದು. ಮೊದಲು ನೀರಿನ ದಾರಿ ಸರಿಮಾಡಬೇಕು. ಆಮೇಲೆ ಬಿರುಕು, ಗುಂಡಿ. ಕಪ್ಪು ಬಳಿಯುವುದು ಎಲ್ಲಕ್ಕಿಂತ ಕೊನೆಗೆ. ನಾನು ಮಿಶಿಗನ್ನಿನ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ಷಿಕಾಗೊ, ಮಿನಿಯಾಪೊಲಿಸ್, ಟೊರಾಂಟೊ ಕಡೆಯವರಿಗೂ ಕೆಲಸ ಅದೇ. ತಿಂಗಳು ಸ್ವಲ್ಪ ಹಿಂದೆ ಮುಂದೆ ಆಗಬಹುದು, ಅಷ್ಟೆ.

ಚಳಿಗಾಲ ಡಾಂಬರಿಗೆ ಏನು ಮಾಡುತ್ತದೆ?

ಇದನ್ನು ಓದದೆ ಮುಂದಿನ ಹಂತಕ್ಕೆ ಹಾರಬೇಡಿ. ಕಾರಣ ಗೊತ್ತಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ಡಾಂಬರು ಹಾಸಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 95 ಭಾಗ ಜಲ್ಲಿ ಮತ್ತು ಮರಳು. ಉಳಿದ 5 ಭಾಗ ಮಾತ್ರ ಅದನ್ನೆಲ್ಲ ಹಿಡಿದಿಡುವ ಕಪ್ಪು ಅಂಟು, ಅಂದರೆ ಬಿಟುಮೆನ್. ಹೊಸದಾಗಿದ್ದಾಗ ಈ ಅಂಟು ಎಳೆದರೆ ಸ್ವಲ್ಪ ಬಗ್ಗುತ್ತದೆ. ವರ್ಷ ಕಳೆದಂತೆ ಬಿಸಿಲು, ಗಾಳಿ ತಾಗಿ ಗಟ್ಟಿಯಾಗುತ್ತದೆ. ಕಪ್ಪು ಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಚಳಿಗೆ ಹಾಸು ಕುಗ್ಗುತ್ತದೆ. ಗಟ್ಟಿಯಾದ ಅಂಟಿಗೆ ಆ ಎಳೆತ ತಡೆಯಲು ಆಗುವುದಿಲ್ಲ. ಡ್ರೈವ್‌ವೇಗೆ ಅಡ್ಡಡ್ಡಲಾಗಿ ಸೀಳುತ್ತದೆ. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಗೆರೆ ಎಳೆದ ಹಾಗೆ ಕಾಣುವ ಬಿರುಕು ಹೆಚ್ಚಾಗಿ ಇದೇ.

ಇಲ್ಲಿಯವರೆಗೆ ದೊಡ್ಡ ನಷ್ಟವೇನಿಲ್ಲ. ಆ ಸೀಳಿನೊಳಗೆ ನೀರು ಇಳಿದಾಗ ಆಟ ಶುರು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9 ಶೇಕಡಾ ಹೆಚ್ಚುತ್ತದೆ. ಬಿರುಕಿನ ಎರಡೂ ಗೋಡೆಗಳನ್ನು ಒಳಗಿನಿಂದ ತಳ್ಳುತ್ತದೆ. ಮಧ್ಯಾಹ್ನ ಕರಗುತ್ತದೆ. ಅಗಲವಾದ ಸಂದಿಯಲ್ಲಿ ಇನ್ನಷ್ಟು ನೀರು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ರಾತ್ರಿ ಮತ್ತೆ ಹೆಪ್ಪು.

ಹಾಗಾಗಿ ಕೆಟ್ಟದ್ದು ಬರೀ ಕೊರೆಯುವ ಚಳಿಯಿಂದ ಆಗುವುದಲ್ಲ. ಜನವರಿಯಲ್ಲಿ ಹದಿನೈದು ದಿನ ಬಿಡದೆ ಹೆಪ್ಪುಗಟ್ಟುವ ಚಳಿಯೇ ಇದ್ದರೆ ಬಿರುಕೊಳಗಿನ ನೀರು ಒಮ್ಮೆ ಗಡ್ಡೆಯಾಗಿ ಸುಮ್ಮನಿರುತ್ತದೆ. ಫೆಬ್ರವರಿ ಕೊನೆ, ಮಾರ್ಚ್ ಬಂದಾಗ ಹಗಲು 40 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 25. ದಿನಕ್ಕೊಂದು ಸಲ ನೀರು ಹೆಪ್ಪುಗಟ್ಟುವ 32ರ ಗೆರೆ ದಾಟುತ್ತದೆ. ದಿನಕ್ಕೊಂದು ಏಟು. ಮಿಶಿಗನ್ ರಸ್ತೆಗಳಲ್ಲಿ ಗುಂಡಿಗಳ ಹಬ್ಬ ಮಾರ್ಚಿನಲ್ಲೇ ಆಗುವುದು ಇದಕ್ಕೇ.

ಎರಡನೇ ಕತೆ ನೆಲದಡಿಯದು. ಮಿಶಿಗನ್ನಿನ ಕಟ್ಟಡ ನಿಯಮದಲ್ಲಿ ಮನೆಯ ತಳಪಾಯ ಕನಿಷ್ಠ 42 ಇಂಚು ಆಳ ಇರಬೇಕು ಅನ್ನುವುದು ಸುಮ್ಮನೆ ಅಲ್ಲ. ಹೆಪ್ಪು ಅಷ್ಟು ಕೆಳಗೆ ಇಳಿಯಬಹುದು ಅನ್ನುವ ಲೆಕ್ಕ ಅದು. ನಮ್ಮ ಡ್ರೈವ್‌ವೇಗಳಲ್ಲಿ ಡಾಂಬರು ಎರಡು ಮೂರು ಇಂಚು, ಅದರಡಿ ಜಲ್ಲಿ ಆರೆಂಟು ಇಂಚು ಇದ್ದರೆ ಪುಣ್ಯ. ಅದರ ಕೆಳಗಿನ ಮಣ್ಣು ನುಣ್ಣನೆಯ ಒಂಡು ಮಣ್ಣಾದರೆ ಹೆಪ್ಪುಗಟ್ಟುವಾಗ ಕೆಳಗಿನ ತೇವವನ್ನೂ ಮೇಲಕ್ಕೆ ಹೀರುತ್ತದೆ. ಮಣ್ಣಿನೊಳಗೆ ತೆಳ್ಳಗಿನ ಐಸ್ ಪದರಗಳು ಬೆಳೆಯುತ್ತವೆ. ಡಾಂಬರು ಉಬ್ಬುತ್ತದೆ.

ವಸಂತದಲ್ಲಿ ಕರಗುವುದು ಮೇಲಿನಿಂದ. ಕೆಳಗಿನ ಪದರ ಇನ್ನೂ ಕಲ್ಲಿನಂತಿರುತ್ತದೆ. ಕರಗಿದ ನೀರಿಗೆ ಕೆಳಗೂ ದಾರಿಯಿಲ್ಲ, ಮೇಲೂ ದಾರಿಯಿಲ್ಲ. ಡಾಂಬರಿನಡಿ ಮಣ್ಣು ನೆನೆದ ಅವಲಕ್ಕಿಯಾಗಿರುತ್ತದೆ. ಆಗ ಭಾರದ ಗಾಡಿ ಹತ್ತಿದರೆ ಹಾಸು ಕುಸಿದು ಒಡೆಯುತ್ತದೆ. ಮಿಶಿಗನ್ ಸರ್ಕಾರಕ್ಕೂ ಇದು ಗೊತ್ತು. ಅದಕ್ಕೇ ಪ್ರತಿ ವರ್ಷ ಹಿಮ ಕರಗುವ ಕಾಲಕ್ಕೆ ಹಲವು ರಸ್ತೆಗಳಲ್ಲಿ ಟ್ರಕ್ಕುಗಳ ಭಾರಕ್ಕೆ ಮಿತಿ ಹಾಕುತ್ತಾರೆ. ಕಾಂಕ್ರೀಟ್ ರಸ್ತೆಯಲ್ಲಿ 25 ಶೇಕಡಾ ಕಡಿತ, ಡಾಂಬರು ರಸ್ತೆಯಲ್ಲಿ 35 ಶೇಕಡಾ. ಇಲ್ಲಿನ ಜನ ಇದನ್ನು ‘ಫ್ರಾಸ್ಟ್ ಲಾಸ್’, ಅಂದರೆ ಹೆಪ್ಪಿನ ಕಾಲದ ಕಾನೂನುಗಳು, ಅನ್ನುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಮನೆ ಸಾಮಾನು ಸಾಗಿಸುವ ಲಾರಿಯನ್ನೋ ಕಸದ ದೊಡ್ಡ ಡಬ್ಬಿಯನ್ನೋ ಡ್ರೈವ್‌ವೇಗೆ ಹತ್ತಿಸುವ ಮುಂಚೆ ಈ 35 ನೆನಪಿರಲಿ.

ಉಪ್ಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಪ್ಪು ಕಾಂಕ್ರೀಟನ್ನು ಹಾಳುಮಾಡುವ ಹಾಗೆ ಡಾಂಬರನ್ನು ನೇರವಾಗಿ ತಿನ್ನುವುದಿಲ್ಲ. ಅದರ ಪೆಟ್ಟು ಬಳಸಿ ಬರುತ್ತದೆ. ಗಡ್ಡೆಯಾಗಿ ಕೂತಿದ್ದ ನೀರನ್ನು ಕರಗಿಸಿ ಬಿರುಕಿಗೆ ಇಳಿಸುತ್ತದೆ. ಉಪ್ಪು ತೆಳುವಾದ ಮೇಲೆ ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಅಂದರೆ ಏಟುಗಳ ಸಂಖ್ಯೆ ಜಾಸ್ತಿ. ಸಾಮಾನ್ಯ ಕಲ್ಲುಪ್ಪು ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೇಳಿಕೊಳ್ಳುವಂಥ ಕೆಲಸ ಮಾಡುವುದಿಲ್ಲ. ಆ ಚಳಿಯಲ್ಲಿ ಸುರಿದಷ್ಟೂ ದಂಡ. ಅಂದ ಹಾಗೆ, ಡೆಟ್ರಾಯಿಟ್ ನಗರದಡಿಯೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ. ರಸ್ತೆಗೆ ಸುರಿಯುವ ಉಪ್ಪು ಅಲ್ಲಿಂದಲೂ ಬರುತ್ತದೆ. ನಮ್ಮ ಕಾರಿನ ತಳ ತುಕ್ಕು ಹಿಡಿಸುವುದು ನಮ್ಮೂರಿನದೇ ಉಪ್ಪು!

ಹಂತ 1: ನೆಲ ಪೂರ್ತಿ ಕರಗುವ ತನಕ ಕಾದು, ಸೀಮೆಸುಣ್ಣ ಹಿಡಿದು ನೋಡಿ

ಮಾರ್ಚಿನಲ್ಲಿ ಕೈ ಹಾಕಬೇಡಿ. ಆಗ ಉಬ್ಬಿದ ಜಾಗ ಏಪ್ರಿಲ್ ಕೊನೆಗೆ ತಾನೇ ಕೂರಬಹುದು. ಉಬ್ಬಿದ್ದಾಗ ತುಂಬಿದ ಬಿರುಕು ಕೂತ ಮೇಲೆ ಪಿಸುಕಿಕೊಂಡು ಹೊರಗೆ ಬರುತ್ತದೆ. ನಾನು ಏಪ್ರಿಲ್ ಕೊನೆಯ ವಾರ ನೋಡುತ್ತೇನೆ, ಮೇ ತಿಂಗಳಲ್ಲಿ ಕೆಲಸ ಮಾಡುತ್ತೇನೆ.

ಒಳ್ಳೆ ಮಳೆ ಬಂದು ನಿಂತ ಮೇಲೆ ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಂತಿದೆ, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಅಷ್ಟು ಹೊತ್ತು ನೀರು ಉಳಿದ ತಗ್ಗೇ ಮುಂದಿನ ವರ್ಷದ ಗುಂಡಿ. ಇನ್ನೊಂದು ಗಮನಿಸಿ. ಎಲ್ಲ ಒಣಗಿದ ಮೇಲೂ ಒಂದೆರಡು ಬಿರುಕಿನ ಅಕ್ಕಪಕ್ಕ ಮಾತ್ರ ಕಪ್ಪಗೆ ತೇವ ಉಳಿದಿರುತ್ತದೆ. ಅಲ್ಲಿ ಕೆಳಗೆ ನೀರು ಕೂತಿದೆ ಅಂತ ಅರ್ಥ.

ಆಮೇಲೆ ಬಿರುಕುಗಳ ಜಾತಿ ಗುರುತಿಸಿ. ಉಗುರು ಹೋಗದಷ್ಟು ಸಣ್ಣದು, ಒಂದೆಂಟನೇ ಇಂಚಿಗಿಂತ ಕಡಿಮೆಯದು, ಅದರ ಚಿಂತೆ ಈಗ ಬೇಡ. ಅಲ್ಲಿಂದ ಅರ್ಧ ಇಂಚಿನ ತನಕ ನೀವೇ ತುಂಬಬಹುದು. ಅರ್ಧ ಇಂಚು ದಾಟಿದ್ದಕ್ಕೂ ಉಪಾಯವಿದೆ, ಸ್ವಲ್ಪ ಜಾಸ್ತಿ ಕೆಲಸ. ಅಂಚಿಗೆ ಸಮಾನಾಂತರವಾಗಿ ಒಂದಡಿ ಒಳಗೆ ಓಡುವ ಬಿರುಕು ಪಕ್ಕದ ಮಣ್ಣು ಆಸರೆ ಕೊಡುತ್ತಿಲ್ಲ ಅನ್ನುವುದರ ಗುರುತು.

ಹೆದರಬೇಕಾದ್ದು ಒಂದಕ್ಕೇ. ಮೊಸಳೆಯ ಚರ್ಮದ ಹಾಗೆ, ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಚೂರುಗಳಾಗಿ ಬಿರುಕು ಬಿಟ್ಟ ಜಾಗ. ಅಲ್ಲಿ ಹಿಮ್ಮಡಿ ಊರಿ ಭಾರ ಹಾಕಿ. ಚೂರುಗಳು ಅಲುಗಿದರೆ, ಸಂದಿಯಿಂದ ಕೆಸರು ನೀರು ಉಕ್ಕಿದರೆ, ತಳದ ಜಲ್ಲಿ ಸತ್ತಿದೆ. ಮೇಲೆ ಏನು ಸುರಿದರೂ ನಿಲ್ಲುವುದಿಲ್ಲ. ಒಂದು ಸ್ಕ್ರೂಡ್ರೈವರ್ ತೂರಿಸಿ ನೋಡಿ. ಗಟ್ಟಿ ಜಲ್ಲಿಗೆ ತಾಗಿ ನಿಂತರೆ ಸರಿ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ಅಷ್ಟು ಜಾಗವನ್ನು ಕಿತ್ತು ಹೊಸದು ಹಾಕಬೇಕು.

ಮೊಬೈಲಿನಲ್ಲಿ ಎಲ್ಲದರ ಫೋಟೊ ತೆಗೆದಿಡಿ, ಪಕ್ಕದಲ್ಲಿ ಒಂದು ಕ್ವಾರ್ಟರ್ ನಾಣ್ಯ ಇಟ್ಟು. ಮುಂದಿನ ವರ್ಷ ಹೋಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕಪುಸ್ತಕ ಇಲ್ಲ.

ಹಂತ 2: ನೀರಿನ ದಾರಿ ಬದಲಿಸಿ

ಈ ಹಂತ ಅತ್ಯಂತ ಅಗ್ಗ. ಆದರೂ ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ.

ನಮ್ಮ ಮನೆಯಲ್ಲಿ ಗ್ಯಾರೇಜಿನ ಮೂಲೆಯ ಮಳೆನೀರಿನ ಕೊಳವೆ ನೇರ ಡ್ರೈವ್‌ವೇ ಅಂಚಿಗೆ ಬಾಯಿ ತೆರೆದಿತ್ತು. ಅರ್ಧ ಮಾಡಿನ ನೀರು ಅಲ್ಲಿಗೇ. ಎಲ್ಲ ದೊಡ್ಡ ಬಿರುಕುಗಳು ಆ ಮೂಲೆಯಿಂದಲೇ ಹೊರಟಿದ್ದು ಎರಡು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲ. ಕೊಳವೆಗೆ ಆರಡಿಯ ತುಂಡು ಜೋಡಿಸಿ ಹುಲ್ಲಿನ ಇಳಿಜಾರಿಗೆ ಬಿಟ್ಟೆ. ಆಗಿದ್ದು ಒಂದು ಹೋಟೆಲ್ ಊಟದ ಖರ್ಚು. ಆಮೇಲೆ ಆ ಮೂಲೆಯಲ್ಲಿ ಹೊಸ ಬಿರುಕು ಬಂದಿಲ್ಲ.

ನೀವೂ ಇಷ್ಟು ನೋಡಿ. ಬೇಸ್‌ಮೆಂಟಿನಡಿ ಸೇರುವ ನೀರನ್ನು ಹೊರಗೆ ತಳ್ಳುವ ಸಂಪ್ ಪಂಪ್ ಇದೆಯಲ್ಲ, ಅದರ ನೀರು ಎಲ್ಲಿಗೆ ಹೋಗುತ್ತಿದೆ? ಚಳಿಗಾಲದಲ್ಲೂ ಅದು ಓಡುತ್ತದೆ. ಅದರ ಬಾಯಿ ಡ್ರೈವ್‌ವೇ ಕಡೆ ಇದ್ದರೆ ದಿನಾ ಹೊಸ ಐಸ್. ಪಕ್ಕದ ಹುಲ್ಲುಹಾಸು ವರ್ಷಗಳಲ್ಲಿ ಬೆಳೆದು ಡಾಂಬರಿಗಿಂತ ಎತ್ತರವಾಗಿದೆಯಾ? ಹಾಗಾದರೆ ನೀರು ಬದಿಗೆ ಇಳಿಯಲಾರದೆ ಮೇಲೇ ನಿಲ್ಲುತ್ತದೆ. ಸಲಿಕೆಯಿಂದ ಅಂಚಿನ ಹುಲ್ಲನ್ನು ಒಂದು ಗೇಣು ಅಗಲಕ್ಕೆ ಕೆತ್ತಿ ತಗ್ಗು ಮಾಡಿ. ಕೆಲವು ಕಡೆ ಇದರ ಉಲ್ಟಾ ಇರುತ್ತದೆ. ಮಣ್ಣು ಕೊಚ್ಚಿಹೋಗಿ ಡಾಂಬರಿನ ಅಂಚು ಗಾಳಿಯಲ್ಲಿ ನಿಂತಿರುತ್ತದೆ. ಅಲ್ಲಿ ಜಲ್ಲಿ ಅಥವಾ ಮಣ್ಣು ತುಂಬಿ, ತುಳಿದು ಗಟ್ಟಿಮಾಡಿ, ಅಂಚಿಗೆ ಸಮ ತನ್ನಿ.

ಇಳಿಜಾರಿನ ಲೆಕ್ಕ ಅಡಿಗೆ ಕಾಲು ಇಂಚು, ಅಂದರೆ ಎರಡು ಶೇಕಡಾ. ಉದ್ದನೆಯ ಮಣೆಯ ಮೇಲೆ ರಸಮಟ್ಟ ಇಟ್ಟು ಅಳೆಯಬಹುದು. ಇಡೀ ಡ್ರೈವ್‌ವೇ ಗ್ಯಾರೇಜಿನ ಕಡೆಗೇ ವಾಲಿದ್ದರೆ ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ ಅದು. ಬಾಗಿಲ ಮುಂದೆ ಅಡ್ಡ ಚರಂಡಿ ಹಾಕಿಸಬೇಕಾಗುತ್ತದೆ.

ಬೆಂಗಳೂರಿನ ರಸ್ತೆ ಗುಂಡಿಗಳನ್ನು ಬೈದು ಬೆಳೆದವರು ನಾವು. ಅಲ್ಲಿ ಐಸ್ ಇಲ್ಲ, ಉಪ್ಪಿಲ್ಲ. ಆದರೂ ಪ್ರತಿ ಮಳೆಗಾಲ ಡಾಂಬರು ಕಿತ್ತು ಬರುತ್ತದೆ. ಚರಂಡಿ ಕಟ್ಟಿ ನೀರು ರಸ್ತೆ ಮೇಲೇ ನಿಂತರೆ ಹಾಗೇ ಆಗುವುದು. ಇಲ್ಲಿ ಅದೇ ನೀರಿನ ಕೈಗೆ ಹೆಪ್ಪು ಅನ್ನುವ ಹಾರೆಯೂ ಸಿಗುತ್ತದೆ.

ಹಂತ 3: ಬಿರುಕು ತುಂಬುವುದು

ಬೇಕಾಗುವ ಸಾಮಾನು: ತಂತಿ ಬ್ರಶ್, ಹಳೆಯ ಸ್ಕ್ರೂಡ್ರೈವರ್, ಎಲೆ ಊದುವ ಯಂತ್ರ, ಬಾಟಲಿಯಲ್ಲಿ ಬರುವ ತಣ್ಣನೆಯ ರಬ್ಬರ್ ಮಿಶ್ರಿತ ಕ್ರ್ಯಾಕ್ ಫಿಲ್ಲರ್, ಅಂಗೈ ಅಗಲದ ರಬ್ಬರ್ ಸ್ಕ್ವೀಜಿ, ಬಿಸಾಡುವ ಕೈಗವಸು. ದೊಡ್ಡ ಬಿರುಕಿಗೆ ‘ಬ್ಯಾಕರ್ ರಾಡ್’ ಅನ್ನುವ ಫೋಮಿನ ಹಗ್ಗ.

ಇದರಲ್ಲಿ ಎಂಟಾಣೆ ಕೆಲಸವೇ ಕ್ಲೀನ್ ಮಾಡುವುದು. ಎಂಟಾಣೆ ಅಲ್ಲ, ಹನ್ನೆರಡಾಣೆ. ಸ್ಕ್ರೂಡ್ರೈವರಿನಿಂದ ಹಳೆಯ ಮಣ್ಣು, ಸಡಿಲವಾದ ಜಲ್ಲಿ, ಹುಲ್ಲು ಎಲ್ಲ ಕೆದಕಿ. ಹುಲ್ಲನ್ನು ಬೇರು ಸಮೇತ ಕೀಳಿ. ಮೇಲಿಂದ ಕತ್ತರಿಸಿದರೆ ಜುಲೈ ಹೊತ್ತಿಗೆ ಫಿಲ್ಲರನ್ನು ಸೀಳಿಕೊಂಡು ಮೇಲೆ ಬರುತ್ತದೆ. ಎರಡೂ ಗೋಡೆಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ. ಆಮೇಲೆ ಊದಿ. ಕಣ್ಣಿಗೆ ಕನ್ನಡಕ ಇರಲಿ, ಮರಳು ನೇರ ಮುಖಕ್ಕೆ ಹಾರುತ್ತದೆ.

ನೀರು ಹಾಕಿ ತೊಳೆದರೆ ಪೂರ್ತಿ ಒಣಗಲು ಕನಿಷ್ಠ ಒಂದು ದಿನ ಬಿಡಿ. ಒದ್ದೆ ಗೋಡೆಗೆ ಫಿಲ್ಲರ್ ಅಂಟುವುದಿಲ್ಲ. ಅಂಟಿದ ಹಾಗೆ ಕಾಣುತ್ತದೆ, ಮೊದಲ ಹೆಪ್ಪಿಗೆ ಪಟ್ಟಿ ಪಟ್ಟಿಯಾಗಿ ಎದ್ದು ಬರುತ್ತದೆ. ಹಾಗಾಗಿ ಮೇಲಿನ ಕೆಲಸವೆಲ್ಲ ಒಣಗಿದ ದಿನ, ಗಾಳಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ. ಮುಂದಿನ 24 ಗಂಟೆ ಮಳೆ ಇರಬಾರದು.

ಕಾಲು ಇಂಚಿನ ಬಿರುಕಿಗೆ ಬಾಟಲಿಯ ಮೂತಿ ಇಟ್ಟು ನಿಧಾನ ಎಳೆಯುತ್ತಾ ಹೋಗಿ. ಮೇಲಿನ ಮಟ್ಟಕ್ಕಿಂತ ಕೂದಲಷ್ಟು ಕೆಳಗೆ ನಿಲ್ಲಿಸಿ. ಅರ್ಧ ಗಂಟೆಯಲ್ಲಿ ಅದು ಕುಸಿಯುತ್ತದೆ. ಆಗ ಎರಡನೇ ಸಲ ಹಾಕಿ, ಸ್ಕ್ವೀಜಿಯಿಂದ ಮಟ್ಟಸ ಮಾಡಿ. ಒಂದೇ ಸಲ ಸುರಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಹಾಲು ಕಾಯಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅರ್ಧ ಇಂಚಿಗಿಂತ ಅಗಲ ಇದ್ದರೆ ಬಾಟಲಿ ಫಿಲ್ಲರ್ ತಳ ಸೇರಿ ಮಾಯವಾಗುತ್ತದೆ. ಬಿರುಕಿಗಿಂತ ಸ್ವಲ್ಪ ದಪ್ಪನೆಯ ಬ್ಯಾಕರ್ ರಾಡನ್ನು ಮೇಲಿನಿಂದ ಅರ್ಧ ಇಂಚು ಕೆಳಗೆ ಕೂರುವ ಹಾಗೆ ತುರುಕಿ. ಅದರ ಮೇಲೆ ಫಿಲ್ಲರ್. ರಾಡ್ ಬದಲು ಒಣ ಮರಳನ್ನೂ ತುಂಬಬಹುದು. ಒಂದಿಂಚು ದಾಟಿದ್ದನ್ನು ಬಿರುಕು ಅನ್ನಬೇಡಿ, ಉದ್ದನೆಯ ಗುಂಡಿ ಅನ್ನಿ. ಅದಕ್ಕೆ ಮುಂದಿನ ಹಂತದ ಮದ್ದು.

ಕಾಯಿಸಿ ಹೊಯ್ಯುವ ರಬ್ಬರ್ ಫಿಲ್ಲರ್ ಇನ್ನೂ ಜಾಸ್ತಿ ಬಾಳುತ್ತದೆ. ಚಳಿಗೆ ಬಿರುಕು ಅಗಲವಾದರೆ ಜೊತೆಗೇ ಹಿಗ್ಗುತ್ತದೆ. ಆದರೆ ಅದಕ್ಕೆ ಕಾಯಿಸುವ ಯಂತ್ರ ಬೇಕು. ಕುದಿಯುವ ಡಾಂಬರು ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ. ಡ್ರೈವ್‌ವೇ ತುಂಬಾ ಉದ್ದವಿದ್ದರೆ ಈ ಒಂದು ಕೆಲಸವನ್ನು ಮಾತ್ರ ಹೊರಗೆ ಕೊಡಿ. ಬಾಟಲಿಯದ್ದು ನನಗೆ ಎರಡು ಚಳಿಗಾಲ ಬಂದಿದೆ. ಪ್ರತಿ ಮೇ ತಿಂಗಳು ಅಲ್ಲಲ್ಲಿ ತೇಪೆ ಹಾಕುವುದು ಅಭ್ಯಾಸವಾಗಿದೆ.

ಹಂತ 4: ಗುಂಡಿ ಮುಚ್ಚುವುದು

ರಸ್ತೆಗೆ ಹಾಕುವ ಬಿಸಿ ಡಾಂಬರು ಮಿಶ್ರಣ 300 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಬರುತ್ತದೆ. ಅದನ್ನು ತಯಾರಿಸುವ ಘಟಕಗಳು ಇಲ್ಲಿ ಹೆಚ್ಚಾಗಿ ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತವೆ. ಬೀದಿಯ ಗುಂಡಿಗೆ ಫೆಬ್ರವರಿಯಲ್ಲಿ ಹಾಕಿದ ತೇಪೆ ವಾರದಲ್ಲಿ ಕಿತ್ತು ಬಂತು ಅಂತ ಬೈಯುವಾಗ ಇದು ನೆನಪಿರಲಿ. ರಸ್ತೆ ಕೆಲಸದವರ ಬಳಿ ಆಗ ಇರುವುದೂ ನಮ್ಮ ಬಳಿ ಇರುವ ಜಾತಿಯದೇ, ಕಾಯಿಸದೆ ಹಾಕುವ ತಣ್ಣನೆಯ ಮಿಶ್ರಣ, ‘ಕೋಲ್ಡ್ ಪ್ಯಾಚ್’. ಜೊತೆಗೆ ಗುಂಡಿಯಲ್ಲಿ ನೀರು ಬೇರೆ.

ಮೇ ತಿಂಗಳಲ್ಲಿ, ಒಣಗಿದ ನೆಲದಲ್ಲಿ, ನಿಧಾನವಾಗಿ ಹಾಕಿದರೆ ಅದೇ ಕೋಲ್ಡ್ ಪ್ಯಾಚ್ ವರ್ಷಗಟ್ಟಲೆ ನಿಲ್ಲುತ್ತದೆ. ಹೀಗೆ ಮಾಡಿ.

ಗುಂಡಿಯ ಸುತ್ತ, ಒಳ್ಳೆಯ ಡಾಂಬರು ಸಿಗುವ ತನಕ ಹೊರಗೆ ಸರಿದು, ಸೀಮೆಸುಣ್ಣದಲ್ಲಿ ಚೌಕ ಬರೆಯಿರಿ. ಉಳಿ ಮತ್ತು ಸುತ್ತಿಗೆಯಿಂದ ಆ ಗೆರೆಗುಂಟ ನೇರ ಕೆಳಕ್ಕೆ ಕತ್ತರಿಸಿ. ಗೋಡೆಗಳು ಲಂಬವಾಗಿರಬೇಕು. ತಟ್ಟೆಯ ಹಾಗೆ ಇಳಿಜಾರು ಅಂಚು ಬಿಟ್ಟರೆ ಅಲ್ಲಿ ತೇಪೆ ತೆಳುವಾಗಿ, ಚಕ್ರಕ್ಕೆ ಸಿಕ್ಕಿ ಹಪ್ಪಳದ ಹಾಗೆ ಏಳುತ್ತದೆ.

ಒಳಗಿನ ಸಡಿಲ ಚೂರು, ಕೆಸರು ಎಲ್ಲ ತೆಗೆಯಿರಿ. ಗಟ್ಟಿ ತಳ ಸಿಗುವ ತನಕ ಅಗೆಯಿರಿ. ನೆಲ ಅಗೆಯುವ ಕೆಲಸವಾದ್ದರಿಂದ ಮೂರು ಕೆಲಸದ ದಿನ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸ್, ಕೇಬಲ್ ಎಲ್ಲಿ ಹೋಗಿದೆ ಅಂತ ಬಂದು ಬಣ್ಣದಲ್ಲಿ ಗುರುತು ಹಾಕುತ್ತಾರೆ. ಇದಕ್ಕೆ ಕಾಸು ಕೊಡಬೇಕಾಗಿಲ್ಲ.

ಆಳ ನಾಲ್ಕು ಇಂಚಿಗಿಂತ ಜಾಸ್ತಿಯಾದರೆ ಕೆಳಗೆ ಪುಡಿ ಸಮೇತ ಇರುವ ಒಡೆದ ಜಲ್ಲಿ ತುಂಬಿ. ಮಿಶಿಗನ್ನಿನ ಕಲ್ಲಿನ ಅಂಗಡಿಗಳಲ್ಲಿ ‘21ಎಎ’ ಅಂತ ಕೇಳಿದರೆ ಕೊಡುತ್ತಾರೆ. ತೋಟಕ್ಕೆ ಹಾಕುವ ಉರುಟು ಕಲ್ಲು ಬೇಡ. ಅದು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಗೋಲಿಯ ಹಾಗೆ ಉರುಳುತ್ತದೆ. ಜಲ್ಲಿಗೆ ಸ್ವಲ್ಪ ನೀರು ಚಿಮುಕಿಸಿ, ಟ್ಯಾಂಪರಿನಿಂದ ದಮ್ಮಸು ಮಾಡಿ. ಟ್ಯಾಂಪರ್ ಅಂದರೆ ಉದ್ದನೆಯ ಹಿಡಿಯ ತುದಿಗೆ ಹತ್ತಿಂಚು ಚೌಕದ ಕಬ್ಬಿಣದ ಹಲಗೆ. ಹೊಡೆದಾಗ ‘ದಬ್’ ಅನ್ನುವ ಶಬ್ದ ಹೋಗಿ ‘ಟಣ್’ ಅನ್ನಬೇಕು. ಅಲ್ಲಿಯ ತನಕ ಹೊಡೆಯಿರಿ.

ಈಗ ಕೋಲ್ಡ್ ಪ್ಯಾಚ್. ಒಮ್ಮೆಗೆ ಎರಡು ಇಂಚಿಗಿಂತ ಜಾಸ್ತಿ ಹಾಕಬೇಡಿ. ಹಾಕಿ, ಮೂಲೆಗಳಿಗೆ ತಳ್ಳಿ, ಕುಟ್ಟಿ. ಮತ್ತೆ ಎರಡು ಇಂಚು, ಮತ್ತೆ ಕುಟ್ಟಿ. ಕೊನೆಯ ಪದರ ಸುತ್ತಲಿನ ಡಾಂಬರಿಗಿಂತ ಅರ್ಧ ಇಂಚು ಎತ್ತರ ಇರಲಿ. ಅದರ ಮೇಲೆ ಪ್ಲೈವುಡ್ ತುಂಡು ಇಟ್ಟು ಕಾರಿನ ಚಕ್ರ ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಓಡಿಸಿ. ಮೇಲೆ ಒಂದು ಹಿಡಿ ಮರಳು ಉದುರಿಸಿದರೆ ಶೂ ತಳಕ್ಕೆ ಅಂಟಿ ಮನೆಯ ಕಾರ್ಪೆಟ್ ಸೇರುವುದು ತಪ್ಪುತ್ತದೆ.

ಎಷ್ಟು ತರಬೇಕು? ಒಂದಡಿ ಉದ್ದ, ಒಂದಡಿ ಅಗಲ, ನಾಲ್ಕು ಇಂಚು ಆಳದ ಗುಂಡಿಗೆ 50 ಪೌಂಡಿನ ಚೀಲ ಒಂದು. ನೋಡಲು ಚಿಕ್ಕದಿದ್ದ ಗುಂಡಿ ಚೌಕ ಕತ್ತರಿಸಿದ ಮೇಲೆ ದುಪ್ಪಟ್ಟಾಗಿರುತ್ತದೆ. ಲೆಕ್ಕಕ್ಕಿಂತ ಒಂದು ಚೀಲ ಜಾಸ್ತಿಯೇ ಇರಲಿ.

ಫುಟ್‌ಪಾತಿನಿಂದ ರಸ್ತೆಯ ತನಕದ ತುಂಡು ಹೆಚ್ಚಿನ ಕಡೆ ಸಾರ್ವಜನಿಕ ಜಾಗಕ್ಕೆ ಸೇರಿರುತ್ತದೆ. ಅಲ್ಲಿ ಅಗೆಯುವ ಮುಂಚೆ ನಿಮ್ಮ ಸಿಟಿ ಅಥವಾ ಟೌನ್‌ಶಿಪ್ ಕಚೇರಿಯಲ್ಲಿ ಪರ್ಮಿಟ್ ಬಗ್ಗೆ ಕೇಳಿ.

ಹಂತ 5: ಎಣ್ಣೆಯ ಕಲೆ

ಬಿಟುಮೆನ್ ಹುಟ್ಟಿದ್ದೇ ಕಚ್ಚಾ ತೈಲದಿಂದ. ಹಾಗಾಗಿ ಪೆಟ್ರೋಲ್, ಎಂಜಿನ್ ಆಯಿಲ್ ಬಿದ್ದರೆ ಕರಗುತ್ತದೆ. ಹೊಸ ಕಲೆಗೆ ಸಾಕಿದ ಬೆಕ್ಕಿನ ಶೌಚಕ್ಕೆ ಹಾಸುವ ಮರಳು (ಕ್ಯಾಟ್ ಲಿಟರ್) ಸುರಿದು ಹೀರಿಸಿ, ಪಾತ್ರೆ ಸೋಪಿನಿಂದ ಉಜ್ಜಿ. ಹಳೆಯದಾಗಿ ಮೆತ್ತಗಾಗಿದ್ದರೆ ಕೆರೆದು ತೆಗೆದು ಗುಂಡಿಯ ಹಾಗೇ ತೇಪೆ ಹಾಕಿ.

ಹಂತ 6: ಕೊನೆಗೆ ಕಪ್ಪು

ಸೀಲರ್ ಅಂದರೆ ಬಣ್ಣಕ್ಕಿಂತ ಸ್ವಲ್ಪ ಹೆಚ್ಚು. ಬಿಸಿಲು, ನೀರು ಮೇಲಿನ ಅಂಟಿಗೆ ತಾಗದಂತೆ ತಡೆಯುತ್ತದೆ, ಕೂದಲೆಳೆ ಬಿರುಕು ಮುಚ್ಚುತ್ತದೆ. ತಳ ಗಟ್ಟಿ ಮಾಡುವ ಶಕ್ತಿ ಅದಕ್ಕಿಲ್ಲ.

ಇಲ್ಲಿ ನಮ್ಮ ಭಾಷೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾವು ಎಲ್ಲಕ್ಕೂ ಡಾಂಬರು, ಟಾರು ಅಂತೀವಿ. ಟಾರ್ ರಸ್ತೆ ಅನ್ನುವುದು ರೂಢಿ. ಆದರೆ ಟಾರ್ ಬರುವುದು ಕಲ್ಲಿದ್ದಲಿನಿಂದ, ಬಿಟುಮೆನ್ ಬರುವುದು ಕಚ್ಚಾ ತೈಲದಿಂದ. ಈಗಿನ ರಸ್ತೆಗಳೆಲ್ಲ ಎರಡನೆಯದು. ಸೀಲರ್ ಕೊಳ್ಳುವಾಗ ಮಾತ್ರ ಎರಡೂ ಎದುರಾಗಬಹುದು. ಕಲ್ಲಿದ್ದಲ ಟಾರಿನ ಸೀಲರಿನಲ್ಲಿ ಕ್ಯಾನ್ಸರ್ ತರಬಲ್ಲ ಪಿಎಎಚ್ ಅನ್ನುವ ರಾಸಾಯನಿಕಗಳು ತುಂಬಾ ಜಾಸ್ತಿ. ಅದು ಸವೆದು ದೂಳಾಗಿ ಮನೆಯೊಳಗೂ ಕೆರೆಗಳಿಗೂ ಸೇರುವುದನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ತೋರಿಸಿದ್ದಾರೆ. ಟೆಕ್ಸಸ್‌ನ ಆಸ್ಟಿನ್ ನಗರ 2006ರಲ್ಲೇ ಇದನ್ನು ನಿಷೇಧಿಸಿತು. ಮಿನೆಸೋಟ ರಾಜ್ಯದಲ್ಲಿ 2014ರಿಂದ ನಿಷೇಧ. ಮಿಶಿಗನ್ನಿನಲ್ಲಿ ಆನ್ ಆರ್ಬರ್ ನಗರವೂ ಬೇಡ ಅಂದಿದೆ. ಬಕೆಟ್ ಮೇಲೆ ‘ಕೋಲ್ ಟಾರ್’ ಅಂತ ಇದ್ದರೆ ವಾಪಸ್ ಇಡಿ. ‘ಆಸ್ಫಾಲ್ಟ್ ಎಮಲ್ಷನ್’ ಅಂತ ಇರುವುದನ್ನು ತನ್ನಿ. ಹೊರಗಿನವರಿಂದ ಮಾಡಿಸಿದರೂ ಇದನ್ನು ಬಾಯಿಬಿಟ್ಟು ಕೇಳಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು, ಅಲ್ವಾ?

ಹೊಸ ಡ್ರೈವ್‌ವೇ ಆದರೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ. ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ ಸಾಕು. ಪ್ರತಿ ವರ್ಷ ಬಳಿದರೆ ಪದರದ ಮೇಲೆ ಪದರ ಕೂತು, ಕೊನೆಗೆ ಗೋಡೆಯ ಹಳೆ ಸುಣ್ಣದ ಹಾಗೆ ಹಕ್ಕಳೆ ಏಳುತ್ತದೆ.

ಬಿರುಕಿನ ಫಿಲ್ಲರ್ ಪೂರ್ತಿ ಗಟ್ಟಿಯಾದ ಮೇಲೆ, ಗುಡಿಸಿ ತೊಳೆದು ಒಣಗಿಸಿ. ಸೀಲರನ್ನು ಕೋಲಿನಿಂದ ತಳದ ತನಕ ಕದಡಿ, ದೋಸೆ ಹಿಟ್ಟಿನ ಹದಕ್ಕೆ ಬರಲಿ. ಗ್ಯಾರೇಜಿನ ಕಡೆಯಿಂದ ಶುರುಮಾಡಿ ರಸ್ತೆಯ ಕಡೆ ಬನ್ನಿ. ಉಲ್ಟಾ ಮಾಡಿದರೆ ಮನೆಯೊಳಗೆ ಬಂದಿ! ತೆಳ್ಳಗೆ ಎರಡು ಕೈ ಬಳಿಯಿರಿ. ದಪ್ಪಗೆ ಒಂದು ಕೈ ಬೇಡ. 20 ಅಡಿ ಅಗಲ, 40 ಅಡಿ ಉದ್ದದ ಡ್ರೈವ್‌ವೇಗೆ ಎರಡು ಕೈ ಸೇರಿ ಐದು ಗ್ಯಾಲನ್ನಿನ ಐದು ಬಕೆಟ್ ಹಿಡಿಯಬಹುದು. ತುಂಬಾ ಒಣಗಿ ಬಿಳಿಚಿಕೊಂಡಿದ್ದರೆ ಇನ್ನೊಂದು ಕುಡಿಯುತ್ತದೆ. ಕಾರು ಹತ್ತಿಸಲು ಎರಡು ದಿನ ಕಾಯಿರಿ. ಬ್ರಶ್ ತೊಳೆದ ನೀರನ್ನು ರಸ್ತೆಯ ಚರಂಡಿಗೆ ಚೆಲ್ಲಬೇಡಿ. ಅದು ರೂಜ್, ಹ್ಯೂರನ್ ಅಂಥ ನದಿಗಳಿಗೆ ಸೇರುತ್ತದೆ.

ನಿಮ್ಮ ಕೈಲಿ ಆಗದ್ದು ಯಾವುದು?

ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗ ಮೊಸಳೆ ಚರ್ಮದಂತಾಗಿದ್ದರೆ ತೇಪೆ ಹಾಕುತ್ತಾ ದುಡ್ಡು ಕಳೆಯಬೇಡಿ. ಕಿತ್ತು, ತಳದ ಜಲ್ಲಿಯಿಂದ ಹೊಸದು ಮಾಡಿಸಿ. ಹಳೆಯದರ ಮೇಲೇ ಒಂದೂವರೆ ಇಂಚು ಹೊಸ ಪದರ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ತಳ ಗಟ್ಟಿಯಿದ್ದರೆ ಸರಿ. ಇಲ್ಲದಿದ್ದರೆ ಕೆಳಗಿನ ಬಿರುಕು ಒಂದೆರಡು ಚಳಿಗಾಲದಲ್ಲಿ ಮೇಲಕ್ಕೆ ಮೂಡುತ್ತದೆ.

ಗುತ್ತಿಗೆದಾರರಿಗೆ ಮೂರು ಪ್ರಶ್ನೆ ಕೇಳಿ. ತಳದ ಜಲ್ಲಿ ಎಷ್ಟು ಇಂಚು? ಡಾಂಬರಿನ ದಪ್ಪ ನೀವು ಹೇಳುತ್ತಿರುವುದು ರೋಲರ್ ಓಡುವ ಮುಂಚಿನದೋ ಆಮೇಲಿನದೋ? ನೀರು ಯಾವ ಕಡೆ ಹರಿಯುತ್ತದೆ? ಎರಡನೇ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ಹುಡುಕಿ. ಉತ್ತರವೆಲ್ಲ ಬರವಣಿಗೆಯಲ್ಲಿರಲಿ.

ಇನ್ನೊಂದು. ವಸಂತದಲ್ಲಿ ಲಾರಿ ನಿಲ್ಲಿಸಿ ಬಾಗಿಲು ತಟ್ಟುವವರಿದ್ದಾರೆ. ‘ಪಕ್ಕದ ಬೀದಿಯಲ್ಲಿ ಕೆಲಸ ಮುಗೀತು, ಡಾಂಬರು ಉಳಿದಿದೆ, ಅರ್ಧ ರೇಟಿಗೆ ಹಾಕಿಕೊಡ್ತೀವಿ, ಇವತ್ತೇ ಆಗಬೇಕು.’ ಇದು ಹಳೆಯ ಮೋಸ. ನಮ್ಮ ಗೆಳೆಯರೊಬ್ಬರು ನಗದು ಕೊಟ್ಟು ಹಾಕಿಸಿದರು. ಆಗಸ್ಟ್ ತಿಂಗಳಲ್ಲಿ ಸೈಕಲ್ ಸ್ಟ್ಯಾಂಡ್ ಅದರಲ್ಲಿ ಹೂತುಕೊಂಡಿತು.

ದೀಪಾವಳಿಯಿಂದ ಮುಂದಕ್ಕೆ

ಎಲೆ ಉದುರಿ ಮುಗಿದ ಮೇಲೆ ಗುಡಿಸಿ. ಒದ್ದೆ ಎಲೆಯ ರಾಶಿ ಬಿರುಕಿಗೆ ತೇವ ಉಣಿಸುತ್ತಲೇ ಇರುತ್ತದೆ. 50 ಡಿಗ್ರಿ ಇರುವ ಕೊನೆಯ ಒಣ ದಿನ ಹೊಸ ಬಿರುಕು ಕಂಡರೆ ತುಂಬಿಬಿಡಿ. ಮಳೆಕೊಳವೆಯ ತುದಿ ಇನ್ನೊಮ್ಮೆ ನೋಡಿ.

ಸ್ನೋ ಬ್ಲೋವರ್ ಇದ್ದರೆ ಅದರ ಎರಡೂ ಬದಿಯ ಕಬ್ಬಿಣದ ಪಾದಗಳನ್ನು ಸ್ವಲ್ಪ ಇಳಿಸಿ. ಬ್ಲೇಡ್ ನೆಲ ಕೆರೆಯಬಾರದು. ಉಬ್ಬಿದ ಅಂಚಿಗೆ ಬ್ಲೇಡ್ ಸಿಕ್ಕರೆ ಅಂಗೈ ಅಗಲದ ಚೂರು ಎದ್ದು ಬರುತ್ತದೆ. ಹಿಮವನ್ನು ಇಳಿಜಾರಿನ ಕೆಳಬದಿಗೆ ಹಾಕಿ. ಮೇಲ್ಬದಿಗೆ ಹಾಕಿದರೆ ಅದು ಮಾರ್ಚ್ ತನಕ ದಿನಾ ಸ್ವಲ್ಪ ಸ್ವಲ್ಪ ಕರಗಿ ಡ್ರೈವ್‌ವೇ ಮೇಲೇ ಹರಿಯುತ್ತದೆ. ಹಿಮ ಬಿದ್ದ ಕೂಡಲೇ ಗುಡಿಸಿದರೆ ಉಪ್ಪು ಒಂದು ಲೋಟದಷ್ಟು ಸಾಕು. ತುಳಿದು ಗಟ್ಟಿಯಾದ ಮೇಲೆ ಚೀಲ ಸುರಿದರೂ ಸಾಲದು. ಜಾರುವ ಭಯ ಇದ್ದರೆ, 15 ಡಿಗ್ರಿಗಿಂತ ಚಳಿ ಇದ್ದರೆ, ಉಪ್ಪಿನ ಬದಲು ಮರಳು ಎರಚಿ.

ಗ್ಯಾರೇಜಿನಲ್ಲಿ ಒಂದು ಚೀಲ ಕೋಲ್ಡ್ ಪ್ಯಾಚ್ ಇಟ್ಟುಕೊಂಡಿರಿ. ಫೆಬ್ರವರಿಯಲ್ಲಿ ಕಾರಿನ ಚಕ್ರ ಇಳಿಯುವಷ್ಟು ಗುಂಡಿ ಬಿದ್ದರೆ ತಾತ್ಕಾಲಿಕವಾಗಿ ಬೇಕಾಗುತ್ತದೆ. ಚಳಿಯಲ್ಲಿ ಅದು ಬಂಡೆಯ ಹಾಗೆ ಗಟ್ಟಿಯಾಗಿರುತ್ತದೆ, ಸಲಿಕೆಗೆ ಬಗ್ಗುವುದಿಲ್ಲ. ಚೀಲ ಒಡೆಯದೆ ಹಿಂದಿನ ರಾತ್ರಿಯೇ ಬೇಸ್‌ಮೆಂಟಿಗೆ ತಂದಿಡಿ. ಅಡುಗೆಮನೆಯ ಹತ್ತಿರ ಬೇಡ, ವಾಸನೆಗೆ ಬೆಳಗಿನ ಕಾಫಿ ರುಚಿಸುವುದಿಲ್ಲ. ಬೆಳಗ್ಗೆ ಗುಂಡಿಯ ಐಸ್ ಒಡೆದು, ನೀರು ಬಟ್ಟೆಯಿಂದ ಒತ್ತಿ ತೆಗೆದು, ತುಂಬಿ ಕುಟ್ಟಿ. ಮೇ ತಿಂಗಳಲ್ಲಿ ಅದನ್ನು ಕಿತ್ತು ಚೌಕ ಕತ್ತರಿಸಿ ಸರಿಯಾಗಿ ಹಾಕಲು ಈಗಲೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ.